ಮಾಳಿಗೆಯ ಭಾರ: ಸೋನ್ಯಾಳದಲ್ಲಿ ಎಂಟು ದಿನ

ಅಕ್ಷಯ ತೃತೀಯದಂದು ಬಸದಿಯಲ್ಲಿ ಎಲ್ಲರೊಡನೆ ಕಬ್ಬಿನ ಹಾಲು ಕುಡಿದು, ಮರುದಿನ ನಸುಕಿನಲ್ಲೇ ನಾವು ದಂಪತಿಗಳು ಬೆಳಗಾವಿಯಿಂದ ಹೊರಟೆವು. ಹೋಗಬೇಕಾದದ್ದು ಸೋನ್ಯಾಳಕ್ಕೆ. ನಮ್ಮ ಸೋದರತ್ತೆ ಆ ಊರಿನ ಸೊಸೆ. ಎಂಬತ್ತು ದಾಟಿದ ಜೀವ. "ಬರ್ತೀನಿ ಬರ್ತೀನಿ ಅಂತೀರಿ, ನಾ ಹೋದ ಮ್ಯಾಲ ಬರ್ತೀರೇನು?" ಎಂದು ಪ್ರತಿ ಸಲವೂ ಫೋನಿನಲ್ಲಿ ಕೇಳುತ್ತಿದ್ದರು. ಈ ಸಲ ಆ ಮಾತಿಗೆ ಉತ್ತರ ಕೊಡಲೇಬೇಕೆಂದು ಹೊರಟದ್ದು.

ಚಿಕ್ಕೋಡಿ ಕಳೆದು ಕೃಷ್ಣೆಯನ್ನು ದಾಟುವವರೆಗೂ ಎರಡೂ ಬದಿಗೆ ಕಬ್ಬಿನ ಹಸಿರು. ಅಥಣಿ ಹಿಂದಾಗುತ್ತಿದ್ದಂತೆ ಭೂಮಿಯ ಬಣ್ಣವೇ ಬದಲಾಗುತ್ತದೆ. ಬಯಲು, ಕುರುಚಲು ಗಿಡ, ಜಾಲಿ, ಅಲ್ಲೊಂದು ಇಲ್ಲೊಂದು ಬೇವು. ಜತ್ತ ತಾಲ್ಲೂಕು ಮಳೆಯ ನೆರಳಿನ ಸೀಮೆ. ವರ್ಷಕ್ಕೆ ಬೀಳುವ ಮಳೆ ಇಪ್ಪತ್ತು ಇಂಚಿನ ಸುತ್ತಮುತ್ತ, ಅದೂ ಬಂದರೆ ಬಂತು. ಆದರೂ ಛಲದ ಜನ. ನೀರು ಸಿಕ್ಕ ಕಡೆಯಲ್ಲೆಲ್ಲ ದಾಳಿಂಬೆ, ದ್ರಾಕ್ಷಿ ಬೆಳೆದಿದ್ದಾರೆ. ಗಿಳಿಮೂಗಿನ ಎತ್ತರದ ಮಾಡಗ್ಯಾಳ ಕುರಿಗಳ ಹಿಂಡು ರಸ್ತೆಗೆ ಅಡ್ಡ ಬಂದಾಗ ನಮ್ಮ ವಾಹನ ನಿಂತೇ ಹೋಯಿತು. ಅಂಗಡಿಯ ಬೋರ್ಡುಗಳೆಲ್ಲ ಮರಾಠಿಯಲ್ಲಿ. ಅವುಗಳ ಕೆಳಗೆ ಕುಳಿತವರ ಮಾತೆಲ್ಲ ಕನ್ನಡದಲ್ಲಿ. ಜತ್ತದಲ್ಲಿ ಇಳಿದು ಟಂಟಂ ಹಿಡಿದು ಸೋನ್ಯಾಳ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

"ಬರ್ರಿ ಬರ್ರಿ, ಬಿಸಲಾಗ ಬಂದೀರಿ. ಮೊದಲ ಒಳಗ ಬಂದು ಕುಂಡರ್ರಿ" ಎಂದು ಅತ್ತೆ ಕೈಹಿಡಿದು ಒಳಗೆ ಕರೆದುಕೊಂಡರು. ಹೊಸ್ತಿಲು ದಾಟಿದ್ದೇ ತಡ, ಬೆಂಕಿಯಿಂದ ನೆರಳಿಗೆ ಬಂದಂತಾಯಿತು. ಫ್ಯಾನಿಲ್ಲದ ನಡುಮನೆ ತಣ್ಣಗಿತ್ತು. ಮೇಲೆ ನೋಡಿದರೆ ಹೊಗೆ ಹಿಡಿದು ಕಪ್ಪಾದ ತೊಲೆ, ಅದರ ಮೇಲೆ ಸಾಲು ಜಂತಿ, ಅದರ ಮೇಲೆ ಒತ್ತೊತ್ತಾಗಿ ಜೋಡಿಸಿದ ಕಟ್ಟಿಗೆ. ಅದಕ್ಕೂ ಮೇಲೆ ಮಣ್ಣು. ನಮ್ಮ ಕಡೆಯ ಹಿರಿಯರೆಲ್ಲ ಹುಟ್ಟಿ ಬೆಳೆದ ಮಾಳಿಗೆ ಮನೆ.

ಮಣ್ಣಿನ ಹೊದಿಕೆ

ಇಂದಿನ ಮಕ್ಕಳಿಗೆ ಮಾಳಿಗೆ ಮನೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿದೆ. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ. ಅದರ ಮೇಲೆ ತೊಲೆ, ಜಂತಿ, ಕಟ್ಟಿಗೆಯ ಹಾಸು. ಹಾಸಿನ ಮೇಲೆ ಬೇವಿನ ಸೊಪ್ಪು, ಹುಲ್ಲು. ಅದರ ಮೇಲೆ ಗಟ್ಟಿಯಾಗಿ ತುಳಿದ ಮಣ್ಣು. ಎಲ್ಲಕ್ಕೂ ಮೇಲೆ ಬಿಳಿಯ ಸವುಳು ಮಣ್ಣು. ಈ ಸವುಳು ಮಣ್ಣಿನಲ್ಲಿ ಉಪ್ಪಿನಂಶ ಇರುವುದರಿಂದ ನೀರು ಬಿದ್ದೊಡನೆ ಅದು ಉಬ್ಬಿ, ಸಂದುಗಳನ್ನು ಮುಚ್ಚಿ, ಹನಿಯನ್ನು ಕೆಳಗೆ ಬಿಡುವುದಿಲ್ಲ. ಹುಲ್ಲು ಬೇರೂರುವುದೂ ಕಡಿಮೆ. ಮಾಳಿಗೆಗೆ ಒಂದು ಕಡೆ ತುಸು ಇಳಿಜಾರು, ಕೊನೆಯಲ್ಲಿ ನೀರು ಬೀಳಲು ದೋಣಿ, ನಡುವೆ ಬೆಳಕಿಂಡಿ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಖರ್ಚು ಅಲ್ಪ, ಸಾಮಾನೆಲ್ಲ ಊರಿನ ಸುತ್ತ ಸಿಗುವಂಥದ್ದು.

ಆದರೆ ಮಳೆಗಾಲ ಬಂತೆಂದರೆ ಮಾಳಿಗೆ ಎಲ್ಲೋ ಒಂದು ಕಡೆ ಸೋರಲೇಬೇಕು. ಶಿಶುನಾಳ ಶರೀಫರಂಥ ಸಂತರು ಸೋರುವ ಮಾಳಿಗೆಯನ್ನೇ ತತ್ತ್ವಪದವಾಗಿ ಹಾಡಿದರೆಂದರೆ ಅದು ಈ ನಾಡಿನ ಮನೆಮನೆಯ ಅನುಭವವೇ ಸರಿ. ಸೋರಿದರೆ ಮದ್ದು ಒಂದೇ: ಇನ್ನಷ್ಟು ಮಣ್ಣು ಹಾಕುವುದು. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಎರಡು ಮೂರು ಗಾಡಿ ಸವುಳು ಮಣ್ಣು ತಂದು ಮೇಲೆ ಹರಡುವುದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ವಾಡಿಕೆ.

ಅಂದು ಹೊತ್ತು ಮುಳುಗುವ ಮೊದಲೇ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರಿನ ಊಟ ಮುಗಿಸಿ, ಮಲಗಲು ಎಲ್ಲರೂ ಮಾಳಿಗೆ ಏರಿದೆವು. ಅತ್ತೆ ಮಾತ್ರ ಕೆಳಗೇ ಉಳಿದರು. ಏಣಿ ಹತ್ತಲು ಅವರಿಗೆ ಆಗದು. ಒಳಗಿನ ಕೋಣೆಯೇ ಅವರ ಹಾಸಿಗೆಯ ಸ್ಥಳ. ಅಂಗಳದಲ್ಲಿ ಬೆಳದಿಂಗಳಿಗೆ ಹೊಳೆಯುವ ಬಿಳಿ ಗುಡ್ಡೆಯೊಂದು ಕಂಡಿತು. "ಅದೇನು ತಮ್ಮಾ?" ಎಂದು ಅತ್ತೆಯ ಮಗನನ್ನು ಕೇಳಿದೆವು.

"ಸವುಳ ಮಣ್ಣ ಅಣ್ಣಾ. ಈ ವಾರದಾಗ ಮಾಳಿಗೀಗಿ ಹಾಕೂದೈತಿ. ಹ್ವಾದ ವರ್ಷ ಅವ್ವನ ಕ್ವಾಣ್ಯಾಗ ಭಾಳ ಸೋರಿತ್ತು."

ಬೆಳಕಿಂಡಿಯ ಬಾಯಿಗೆ ಕೈಯಿಟ್ಟು ಮಣ್ಣಿನ ದಪ್ಪ ನೋಡಿದೆವು. ಮೊಳಕೈವರೆಗೆ ಕೈ ಇಳಿಯಿತು. ಒಂದು ಮೊಳ, ಅಂದರೆ ಹದಿನೆಂಟು ಇಂಚು. ಇನ್ನೂ ಎರಡು ಇಂಚು ಏರಿಸಲು ಮಣ್ಣು ಬಂದು ಬಿದ್ದಿದೆ. ಆ ರಾತ್ರಿ ನಮಗೆ ಬೇಗ ನಿದ್ದೆ ಬರಲಿಲ್ಲ. ನಮ್ಮ ಮನಸ್ಸು ಹಿಂದೊಮ್ಮೆ ಕಂಡ ಬೇರೆಯದೇ ಒಂದು ಬಿಳಿ ಗುಡ್ಡೆಯ ಕಡೆಗೆ ಓಡಿತ್ತು.

ಹಿಮದ ನಾಡಿನ ಪಾಠ

2015ರ ಚಳಿಗಾಲವನ್ನು ನಾವು ಅಮೆರಿಕೆಯ ಬೋಸ್ಟನ್ ನಗರದ ಸಮೀಪದಲ್ಲಿರುವ ಮಗನ ಮನೆಯಲ್ಲಿ ಕಳೆದಿದ್ದೆವು. ಆ ವರ್ಷ ಅಲ್ಲಿ ಬಿದ್ದಷ್ಟು ಹಿಮ ಆ ನಗರದ ದಾಖಲೆಯಲ್ಲೇ ಇರಲಿಲ್ಲ. ಒಟ್ಟು 110.6 ಇಂಚು, ಆಳೆತ್ತರಕ್ಕಿಂತ ಹೆಚ್ಚು. ಮೊದಲ ದಿನ ಕಿಟಕಿಯಿಂದ ನೋಡಿ, ಹತ್ತಿ ಅರಳೆ ಉದುರಿದಂತೆ ಕಾಣುವ ಆ ಹಿಮದ ಚೆಲುವಿಗೆ ಮರುಳಾದೆವು. ಹತ್ತನೆಯ ದಿನಕ್ಕೆ ಅದರ ಭಾರವೇನೆಂಬುದು ತಿಳಿಯಿತು.

ಹಿಮವು ಬಿದ್ದಾಗ ಹಗುರ. ಒಂದು ಘನ ಅಡಿ ಹೊಸ ಹಿಮ ಸುಮಾರು ಮೂರು ಕಿಲೋ ತೂಗಬಹುದು. ದಿನ ಕಳೆದಂತೆ ಅದು ಕುಸಿದು, ಒತ್ತಿ, ನೆನೆದು, ಅಷ್ಟೇ ಜಾಗದಲ್ಲಿ ಹತ್ತು ಹನ್ನೆರಡು ಕಿಲೋ ಆಗುತ್ತದೆ. ಅದರ ಮೇಲೆ ಮತ್ತೊಂದು ಹಿಮಪಾತ, ಮತ್ತೆ ಮಳೆ ಬಿದ್ದರೆ ಹಿಮವೆಲ್ಲ ನೀರನ್ನು ಹೀರಿ ಕುಳಿತುಬಿಡುತ್ತದೆ. ಈ ಭಾರ ಎಷ್ಟು ಘೋರವೆಂಬುದಕ್ಕೆ 2006ರ ಜನವರಿ ಒಂದೇ ಸಾಕು. ಆ ತಿಂಗಳ 2ರಂದು ಜರ್ಮನಿಯ ಬಾಡ್ ರೈಖೆನ್‌ಹಾಲ್ ಎಂಬಲ್ಲಿ ಹಿಮಜಾರಾಟದ ಸಭಾಂಗಣದ ಮಾಡು ಕುಸಿದು 15 ಜನ ಸತ್ತರು. 28ರಂದು ಪೋಲೆಂಡಿನ ಕಾಟೋವಿತ್ಸೆಯಲ್ಲಿ ಪ್ರದರ್ಶನ ಭವನದ ಮಾಡು ಕುಸಿದು 65 ಜನ ಸತ್ತರು. ಎರಡೂ ಕಡೆ ಮಾಡಿನ ಮೇಲೆ ಹಿಮ ನಿಂತಿತ್ತು, ಕಟ್ಟಡದಲ್ಲೂ ಕೊರತೆಗಳಿದ್ದವು.

ಆದ್ದರಿಂದಲೇ ಅಲ್ಲಿಯವರು ಮಾಡನ್ನು ಕಾಯುವ ರೀತಿಯೇ ಬೇರೆ. ಮನೆಗಳ ಮಾಡು ಇಳಿಜಾರಾಗಿರುತ್ತದೆ. ಜಪಾನಿನ ಶಿರಕಾವಾ ಹಳ್ಳಿಯಲ್ಲಿ ಹುಲ್ಲಿನ ಮಾಡುಗಳನ್ನು ಕೈಮುಗಿದ ಆಕಾರದಲ್ಲಿ ಅಷ್ಟು ಕಡಿದಾಗಿ ಕಟ್ಟುತ್ತಾರೆ. 1995ರಲ್ಲಿ ಆ ಹಳ್ಳಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಹಿಮಾಚಲದ ಲಾಹೌಲ್ ಕಣಿವೆಯಲ್ಲಂತೂ ಹಳೆಯ ಮನೆಗಳ ಮಾಡು ನಮ್ಮ ಸೋನ್ಯಾಳದಂತೆಯೇ ಸಮತಟ್ಟು, ಮಣ್ಣಿನದು. ಅಲ್ಲಿ ಹಿಮ ಬಿದ್ದ ಪ್ರತಿ ಸಲವೂ ಮನೆಮಂದಿ ಮರದ ಸಲಿಕೆ ಹಿಡಿದು ಮೇಲೇರಿ ತಳ್ಳಲೇಬೇಕು. ತಳ್ಳದಿದ್ದರೆ ಭಾರವೂ ನಿಲ್ಲುತ್ತದೆ. ಕರಗಿದ ನೀರು ಮಣ್ಣಿಗಿಳಿದು ಮನೆಯೂ ಸೋರುತ್ತದೆ.

ನಮ್ಮ ಮಗ ಮೇಲೆ ಏರುತ್ತಿರಲಿಲ್ಲ. ಹಿಮದ ಮಾಡಿನಿಂದ ಜಾರಿ ಬೀಳುವವರು ಬಹಳ. ಜಪಾನಿನಲ್ಲಿ ಹೀಗೆ ಸಾಯುವವರಲ್ಲಿ ವಯಸ್ಸಾದವರೇ ಹೆಚ್ಚು. ಅವನ ಬಳಿ ಉದ್ದನೆಯ ಅಲ್ಯೂಮಿನಿಯಂ ಕೋಲಿನ ತುದಿಗೆ ಅಡ್ಡ ಹಲಗೆ ಕೂಡಿಸಿದ ಸಾಧನವಿತ್ತು. ನೋಡಲು ನಮ್ಮ ಕುಂಟೆಯ ಹಾಗೆ. ನೆಲದ ಮೇಲೆಯೇ ನಿಂತು, ವಿದ್ಯುತ್ ತಂತಿಯಿಂದ ದೂರವಿದ್ದು, ಮಾಡಿನ ಹಿಮವನ್ನು ಎಳೆದು ಕೆಡವುತ್ತಿದ್ದ. ಮಾಡಿಗೆ ಪೆಟ್ಟಾಗದಂತೆ ಕೊನೆಯ ಎರಡು ಮೂರು ಇಂಚು ಬಿಟ್ಟುಬಿಡುತ್ತಿದ್ದ. ಒಂದೇ ಬದಿಯನ್ನು ಖಾಲಿ ಮಾಡದೆ ಎರಡೂ ಬದಿಗೆ ಸಮನಾಗಿ ತೆಗೆಯುತ್ತಿದ್ದ. "ಒಂದ್ ಕಡೆ ಹಗುರ ಆಗಿ ಇನ್ನೊಂದ್ ಕಡೆ ಭಾರ ಉಳಿದರ ಮಾಡು ತಿರುಚತೈತ್ರಿ ಅಪ್ಪಾ" ಎನ್ನುತ್ತಿದ್ದ.

ಸೂರಿನ ಅಂಚಿನಲ್ಲಿ ಗಾಜಿನ ಕಂಬಿಗಳಂತೆ ಮಂಜುಗಡ್ಡೆ ಇಳಿಬಿದ್ದಿತ್ತು. ಮೊಮ್ಮಗಳು ಚಪ್ಪಾಳೆ ತಟ್ಟಿದರೆ ಮಗನ ಮುಖ ಬಾಡಿತು. ಒಳಗಿನ ಶಾಖ ಮೇಲಕ್ಕೆ ಸೋರಿ ಮಾಡಿನ ಹಿಮವನ್ನು ಕರಗಿಸುತ್ತದೆ. ಆ ನೀರು ಹರಿದು ತಣ್ಣನೆಯ ಸೂರಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಒಡ್ಡಿನಂತೆ ನಿಲ್ಲುತ್ತದೆ. ಹಿಂದಿನಿಂದ ಬರುವ ನೀರು ಹೋಗಲು ದಾರಿಯಿಲ್ಲದೆ ಹಾಸಿನ ಅಡಿಯಿಂದ ಮನೆಯೊಳಗೆ ಇಳಿಯುತ್ತದೆ. ಅದಕ್ಕೆ ಮದ್ದು ಸೂರಿನ ಮೇಲಿಲ್ಲ, ಒಳಗಿದೆ: ಅಟ್ಟದ ನೆಲಕ್ಕೆ ಶಾಖ ತಡೆಯುವ ಹೊದಿಕೆ ಹಾಕಿ, ಗಾಳಿಯಾಡಲು ದಾರಿ ಬಿಡುವುದು.

ಆ ದಿನಗಳಲ್ಲಿ ಮಗ ಇನ್ನೊಂದು ಮಾತು ಹೇಳಿದ್ದ. "ಮಾಡಿಗೆ ಭಾರ ತಡೀಲಾರದ್ದನ್ನ ಮನೀನ ನಮಗ ಹೇಳತೈತಿ. ಒಳಗಿನ ಬಾಗಿಲ ಒಮ್ಮೆಲೆ ಬಿಗಿಯಾಗತಾವು, ಮುಚ್ಚಲಿಕ್ಕೆ ಆಗೂದಿಲ್ಲ. ಗ್ವಾಡಿ ಬಿರಕ ಬಿಡತಾವು. ಕಟ್ಟಿಗಿ ಕಿರ್ ಅಂತಾವು. ಅದನ್ನ ಕೇಳಿದ ಮ್ಯಾಲ ಒಳಗ ನಿಂದ್ರಬಾರದು."

ಮುಚ್ಚದ ಬಾಗಿಲು

ಮರುದಿನ ಬೆಳಿಗ್ಗೆ ಅತ್ತೆ ಒಳಗಿನ ಕೋಣೆಯಲ್ಲಿ ಸಾಮಾಯಿಕಕ್ಕೆ ಕುಳಿತಿದ್ದರು. ಗದ್ದಲವಾಗದಿರಲೆಂದು ನಾವು ಬಾಗಿಲು ಮುಂದೆ ಮಾಡಹೋದೆವು. ಅರ್ಧಕ್ಕೆ ಬಂದು ನಿಂತಿತು. ಮೇಲಿನ ಚೌಕಟ್ಟಿಗೆ ಒರೆಸಿ ಒರೆಸಿ ಕಟ್ಟಿಗೆ ಬೆಳ್ಳಗಾಗಿತ್ತು.

"ಅದು ಮುಚ್ಚೂದಿಲ್ಲ ವೈನಿ. ಎರಡ ಸಲ ಬಡಿಗೇರನ ಕರಿಸಿ ತಾಸಿಸೀವಿ. ಮತ್ತ ಹಾಂಗ ಆಗತೈತಿ" ಎಂದ ಅತ್ತೆಯ ಮಗ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾವಿರಾರು ಮೈಲಿ ಆಚೆ, ಹಿಮದ ನಾಡಿನಲ್ಲಿ ಕೇಳಿದ ಮಾತು ಈ ಬಿಸಿಲ ನಾಡಿನಲ್ಲಿ ಎದುರಿಗೆ ನಿಂತಿತ್ತು. ಬಾಗಿಲು ದೊಡ್ಡದಾಗಿರಲಿಲ್ಲ, ಮೇಲಿನ ಭಾರಕ್ಕೆ ಚೌಕಟ್ಟು ಇಳಿದಿತ್ತು.

ಎಂಟನೆಯ ಇಯತ್ತೆಯಲ್ಲಿ ಓದುವ ಅತ್ತೆಯ ಮೊಮ್ಮಗಳನ್ನು ಕರೆದು, ನೋಟುಬುಕ್ಕು ತೆಗೆಯಿಸಿದೆವು. ಕೋಣೆ ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ. ಮಣ್ಣು ಒಂದೂವರೆ ಅಡಿ. ಒಟ್ಟು 240 ಘನ ಅಡಿ. ತುಳಿದು ಗಟ್ಟಿಯಾದ ಒಣ ಮಣ್ಣು ಘನ ಅಡಿಗೆ ಸುಮಾರು 45 ಕಿಲೋ. ಹುಡುಗಿ ಗುಣಿಸಿ, "10,800 ಕಿಲೋ!" ಎಂದು ಕೂಗಿದಳು. ಕ್ವಿಂಟಲ್ ತೂಕದ ಜೋಳದ ಚೀಲಗಳ ಲೆಕ್ಕದಲ್ಲಿ ನೂರೆಂಟು ಚೀಲ. ಅಷ್ಟೇ ಎತ್ತರದ ಹೊಸ ಹಿಮವಾಗಿದ್ದರೆ ಏಳು ಚೀಲ. ಅಂದರೆ ಒಂದು ಅಡಿ ಮಣ್ಣು ಹದಿನೈದು ಅಡಿ ಹೊಸ ಹಿಮಕ್ಕೆ ಸಮ. ಇದು ಒಣಗಿದಾಗಿನ ಲೆಕ್ಕ. ಮಣ್ಣು ಒಂದು ಇಂಚು ಮಳೆ ಕುಡಿದರೆ ಈ ಕೋಣೆಯ ಮೇಲೆ ಇನ್ನೂ ಮುಕ್ಕಾಲು ಪಾಲು ಕಡಿಮೆ ಐದಲ್ಲ, ಹತ್ತಿರಹತ್ತಿರ ನಾಲ್ಕು ಚೀಲ ಕೂಡುತ್ತದೆ.

ಹಿಮದ ನಾಡಿನವರು ಭಾರ ಏರಿದಾಗೆಲ್ಲ ಇಳಿಸುತ್ತಾರೆ. ಇಳಿಸದಿದ್ದರೂ ವಸಂತ ಬಂದರೆ ಅದು ತಾನೇ ಕರಗಿ ಹೋಗುತ್ತದೆ. ನಾವು ಏರಿಸಿದ ಮಣ್ಣು ಯಾವ ಋತುವಿನಲ್ಲೂ ಕರಗದು. ವರ್ಷಕ್ಕೆ ಅರ್ಧ ಇಂಚು ಉಳಿದರೂ ಮೂರು ತಲೆಮಾರಿಗೆ ಎಷ್ಟಾಯಿತು? ಅದರ ಅಡಿಯಲ್ಲೇ ನಮ್ಮ ಅತ್ತೆ ದಿನವೂ ಮಲಗುತ್ತಿದ್ದರು.

ಮಣ್ಣು ಏರಿಸುವುದು ಬೇಡ, ಇರುವುದನ್ನೇ ಇಳಿಸೋಣ ಎಂದಾಗ ಅತ್ತೆ ಸುತರಾಂ ಒಪ್ಪಲಿಲ್ಲ. "ನಿಮ್ಮ ಮಾವನ ಮುತ್ಯಾ ಕಟ್ಟಿಸಿದ ಮನಿ ಇದು. ನೂರ ವರ್ಷ ಏನೂ ಆಗಿಲ್ಲ. ಮಣ್ಣ ತಗದರ ಬ್ಯಾಸಗ್ಯಾಗ ಕುದೀತೈತಿ, ಮಳಿಗಾಲದಾಗ ಸೋರತೈತಿ. ನೀವು ನಾಕ ದಿವಸ ಇದ್ದ ಹೋಗವರು." ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ದಪ್ಪ ಮಣ್ಣೇ ಆ ಮನೆಯ ತಂಪು.

ಆ ಅನಂತ ಚತುರ್ದಶಿ

ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತಾಗ ಅತ್ತೆ ತಾವಾಗಿಯೇ ಮಾತು ತೆಗೆದರು. "ಕಿಲ್ಲಾರಿದು ನೆನಪೈತೇನು?"

ನೆನಪಿಲ್ಲದೆ ಉಂಟೆ? 1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಕೊನೆಯ ದಿನ. ಗಣಪತಿ ಕಳಿಸಿ ಬಂದು ಊರೂರುಗಳೆಲ್ಲ ದಣಿದು ಮಲಗಿದ್ದವು. 30ರ ನಸುಕಿನ ನಾಲ್ಕು ಗಂಟೆಗೆ ಇನ್ನು ಕೆಲವೇ ನಿಮಿಷ ಇರುವಾಗ ಲಾತೂರ ಜಿಲ್ಲೆಯ ಕಿಲ್ಲಾರಿಯ ಬಳಿ ಭೂಮಿ ನಡುಗಿತು. ಸುಮಾರು ಎಂಟರಿಂದ ಹತ್ತು ಸಾವಿರ ಜನ ಮಲಗಿದಲ್ಲೇ ಮಣ್ಣಾದರು. ಸೋನ್ಯಾಳಕ್ಕೆ ಕಿಲ್ಲಾರಿ ನೂರೈವತ್ತು ಕಿಲೋಮೀಟರಿಗೂ ಆಚೆ. ಆದರೂ ಅಂದು ಮಾಡದ ಮೇಲಿನ ತಂಬಿಗೆಗಳು ತಾವೇ ಸಪ್ಪಳ ಮಾಡಿದವೆಂದು ಅತ್ತೆ ನೆನೆದರು. ಎಂಟು ದಿನ ಊರೆಲ್ಲ ಬಯಲಲ್ಲೇ ಮಲಗಿತ್ತಂತೆ.

ಅದು ಜಗತ್ತಿನ ಅತಿ ದೊಡ್ಡ ಭೂಕಂಪಗಳಲ್ಲೇನೂ ಅಲ್ಲ; ಅದರ ಪ್ರಮಾಣ 6.2ರಷ್ಟು. ಅಷ್ಟು ಜನರನ್ನು ಕೊಂದದ್ದು ಅವರವರ ಮನೆಗಳೇ. ಮಣ್ಣಿನಲ್ಲಿ ಜೋಡಿಸಿದ ಉರುಟು ಕಲ್ಲಿನ ದಪ್ಪ ಗೋಡೆ. ಅದರ ಒಳಮುಖ ಹೊರಮುಖಗಳನ್ನು ಹಿಡಿದಿಡುವ ಉದ್ದ ಕಲ್ಲುಗಳಿಲ್ಲ. ಮೇಲೆ ಮೊಳಕ್ಕೂ ಹೆಚ್ಚು ಮಣ್ಣು. ನೆಲ ಅಲುಗಿದೊಡನೆ ಗೋಡೆ ಎರಡು ಸೀಳಾಗಿ, ಮಾಳಿಗೆಯ ಮಣ್ಣೆಲ್ಲ ಒಮ್ಮೆಲೇ ಕೆಳಗಿಳಿಯಿತು. ಮಾಡು ಹಗುರವಿದ್ದ ಎಷ್ಟೋ ಮನೆಗಳ ಜನ ಉಳಿದರು. ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳ ಗತಿಯೇನೆಂದು ನಾಡೇ ಮರುಗುತ್ತಿದ್ದಾಗ ಭಾರತೀಯ ಜೈನ ಸಂಘಟನೆಯು ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದು ಓದಿಸಿದ್ದನ್ನು ನಮ್ಮ ಸಮಾಜ ಇಂದಿಗೂ ಅಭಿಮಾನದಿಂದ ನೆನೆಯುತ್ತದೆ. ಕಲ್ಲು ಮತ್ತು ಮಣ್ಣಿನ ಮನೆಗಳನ್ನು ಭದ್ರಪಡಿಸುವ ಬಗೆಗೆ ಭಾರತೀಯ ಮಾನಕ ಸಂಸ್ಥೆಯ ಸೂಚಿಗಳೂ ಅದೇ 1993ನೇ ಇಸವಿಯವು.

"ಆವಾಗ ನಿಮ್ಮ ಮಾವ, ಮಣ್ಣ ಇಳಸೂಣು ಅಂದಿದ್ರು. ಮಳಿ ಬಂತು, ಸುಗ್ಗಿ ಬಂತು, ಮರತ ಬಿಟ್ಟೀವಿ" ಎಂದರು ಅತ್ತೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಮಗನ ಕಡೆ ತಿರುಗಿ, "ಗೌಂಡ್ಯಾನ್ನ ಕರದು ತೋರಸ್ರಿ" ಎಂದರು. ಮಾವನ ಮಾತನ್ನು ಇಷ್ಟು ವರ್ಷಗಳ ಮೇಲೆ ನಡೆಸಿದಂತಾಯಿತು.

ಮುನ್ನೂರ ಐವತ್ತೆಂಟು ಬುಟ್ಟಿ

ಜತ್ತದಿಂದ ಬಂದ ಅನುಭವಿ ಗೌಂಡಿ ಗೋಡೆ ತಟ್ಟಿ, ತೊಲೆಯ ಕೊನೆಗೆ ಮೊಳೆ ಚುಚ್ಚಿ ನೋಡಿದರು. ಗೋಡೆಯೊಳಗೆ ಹೊಕ್ಕ ಕಡೆ ಮೊಳೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಅವರು ಹೇಳಿದ ಮೊದಲ ಮಾತು: "ಇವತ್ತಿಂದ ಆಯಿ ಈ ಕ್ವಾಣ್ಯಾಗ ಮಲಗೂದು ಬ್ಯಾಡ್ರಿ."

ಕೆಲಸ ಮಾಡಿದ ರೀತಿಯನ್ನು ಇಲ್ಲಿ ವಿವರವಾಗಿ ಬರೆಯುತ್ತೇವೆ. ಇಂಥ ಮನೆಯಿರುವ ಬಂಧುಗಳಿಗೆ ಉಪಯೋಗವಾದೀತು. ಮೊದಲು ಕೋಣೆಯ ಸಾಮಾನೆಲ್ಲ ಹೊರಗೆ. ತೊಲೆಯ ಅಡಿಗೆ ಎರಡು ಗಟ್ಟಿ ಕಂಬ ಕೊಟ್ಟು ಬೆಣೆ ಹೊಡೆದರು. ಕೆಲಸ ನಡೆಯುವಾಗ ಕೆಳಗೆ ಯಾರೂ ಇರಕೂಡದು. ಮೇಲೆ ಇಬ್ಬರಿಗಿಂತ ಹೆಚ್ಚು ಜನ ನಿಲ್ಲಕೂಡದು. ಮಣ್ಣನ್ನು ಒಂದು ಮೂಲೆಯಿಂದ ತೋಡದೆ, ಇಡೀ ಮಾಳಿಗೆಯಿಂದ ಗೇಣು ಗೇಣಾಗಿ ಸಮನಾಗಿ ಕೆತ್ತಿ ತೆಗೆಯಬೇಕು. ತೆಗೆದದ್ದನ್ನು ಮೇಲೆ ಗುಡ್ಡೆ ಹಾಕದೆ ಆಗಿಂದಾಗ ಕೆಳಗಿಳಿಸಬೇಕು. ಕೇಳುತ್ತ ಕೇಳುತ್ತ ನಮಗೆ ನಗು ಬಂತು. ನಮ್ಮ ಮಗ ಹಿಮ ಎಳೆಯುವಾಗ ಹೇಳಿದ್ದೂ ಇದನ್ನೇ.

ಒಂದು ಅಡಿ ತೆಗೆದು ಅರ್ಧ ಅಡಿ ಉಳಿಸುವುದೆಂದು ಗೌಂಡಿಯ ತೀರ್ಮಾನ. ಮಕ್ಕಳು ಕೆಳಗೆ ಕುಳಿತು ಬುಟ್ಟಿಗೊಂದು ಹುಣಸೆಬೀಜ ಎಣಿಸಿಟ್ಟರು. ಎರಡು ದಿನಕ್ಕೆ ಮುನ್ನೂರ ಐವತ್ತೆಂಟು ಬೀಜ. ಬುಟ್ಟಿಗೆ ಇಪ್ಪತ್ತು ಕಿಲೋ ಹಿಡಿದರೂ ಏಳು ಟನ್ನಿಗೆ ಮೇಲೆ. ಕೆತ್ತಿದ ಮಣ್ಣಿನ ಅಂಚು ನೋಡಬೇಕಿತ್ತು: ಬಿಳಿ, ಕಂದು, ಬೂದಿ, ಮತ್ತೆ ಬಿಳಿ ಎಂದು ಸೀರೆಯ ಪಟ್ಟೆಯಂತೆ ಪದರ ಪದರ. ಒಂದೊಂದು ಪದರವೂ ಒಂದೊಂದು ಬೇಸಿಗೆ, ಒಬ್ಬೊಬ್ಬ ಹಿರಿಯರ ಬೆವರು. ಸವುಳು ಮಣ್ಣು ಹೊಲಕ್ಕೆ ಆಗದು. ಓಣಿಯ ತಗ್ಗುಗಳನ್ನು ತುಂಬಲು ಕೊಟ್ಟೆವು.

ನಡುವೆ ಒಂದು ಮೂಲೆಯಲ್ಲಿ ಇರುವೆಗಳ ಗೂಡು ಕಂಡಿತು. ಕೆಳಗಿನಿಂದಲೇ ಅತ್ತೆ, "ಆ ಮೂಲಿ ಬಿಡ್ರಿ, ನಾಳೆ ನೋಡೂಣು" ಎಂದರು. ಮರುದಿನ ನೋಡಿದರೆ ಇರುವೆಗಳು ಮೊಟ್ಟೆ ಹೊತ್ತು ಕುಂಬಿಯ ಕಡೆ ಸಾಗಿದ್ದವು. ಮಳೆಗೆ ಮೊದಲು, ಮಣ್ಣು ಒಣಗಿರುವ ವೈಶಾಖದಲ್ಲೇ ಈ ಕೆಲಸ ಮಾಡಬೇಕೆನ್ನಲು ಇದೂ ಒಂದು ಕಾರಣ. ಹಸಿ ಬಿದ್ದ ಮೇಲೆ ಆ ಮಣ್ಣಿನ ತುಂಬ ಜೀವವೇ. ಗೆದ್ದಲು ತಿಂದ ತೊಲೆಯನ್ನು ಬೆಂಕಿಗೆ ಹಾಕಲು ಅತ್ತೆ ಬಿಡಲಿಲ್ಲ. ನಾಲ್ಕು ಜನ ಹೊತ್ತು ಬೇಲಿಯ ಬುಡದಲ್ಲಿ ನೆರಳಿಗೆ ಇಟ್ಟು ಬಂದರು.

ಆ ತೊಲೆಯನ್ನು ಇಳಿಸಿದಾಗ ಎಲ್ಲರೂ ಸುಮ್ಮನಾದೆವು. ಹೊರಗೆ ಕಪ್ಪಗೆ, ಗಟ್ಟಿಯಾಗಿ ಕಾಣುತ್ತಿದ್ದ ಅದರ ಕೊನೆ ಒಳಗೆ ಟೊಳ್ಳು. ಗೋಡೆಗೆ ಆತುಕೊಂಡದ್ದು ನಾಲ್ಕು ಬೆರಳಿನಷ್ಟು ಮಾತ್ರ. ಅದರ ನೇರ ಕೆಳಗೆ ಅತ್ತೆಯ ತಲೆದಿಂಬು ಇರುತ್ತಿತ್ತು. ಅತ್ತೆ ಅದನ್ನು ಒಮ್ಮೆ ಮುಟ್ಟಿ ನೋಡಿ, ಏನೂ ಮಾತಾಡದೆ ಒಳಗೆ ಹೋಗಿ ಜಪಮಾಲೆ ಹಿಡಿದು ಕುಳಿತರು.

ಹೊಸ ತೊಲೆ ಕೂಡಿಸಿ, ಹಾಸಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹರವಿ, ಅದರ ಮೇಲೆ ಹುಲ್ಲು ಕಲಸಿದ ಅರ್ಧ ಅಡಿ ಮಣ್ಣು ತುಳಿದು, ಕೊನೆಗೆ ಸವುಳು ಮಣ್ಣಿನ ತೆಳು ಸಾರಣೆ ಕೊಟ್ಟರು. ದೋಣಿಯ ಕಡೆಗೆ ಇಳಿಜಾರು ಸರಿಪಡಿಸಿದರು. ಅಂಗಳದ ಗುಡ್ಡೆಯಲ್ಲಿ ಮುಕ್ಕಾಲು ಪಾಲು ಹಾಗೆಯೇ ಉಳಿಯಿತು. ಇಷ್ಟರಿಂದ ಭೂಕಂಪದ ಭಯವೆಲ್ಲ ತೀರಿತೆಂದಲ್ಲ. ಗೋಡೆಗೆ ಉದ್ದ ಕಲ್ಲು ಕೂಡಿಸುವ ಕೆಲಸ ದೀಪಾವಳಿಯ ಮೇಲೆ ಎಂದು ನಿಶ್ಚಯಿಸಿದರು. ಆದರೆ ತಲೆಯ ಮೇಲಿನ ನೂರೆಂಟು ಚೀಲದಲ್ಲಿ ಎಪ್ಪತ್ತೆರಡು ಚೀಲ ಇಳಿದವು.

ಮೊದಲ ಮಳೆ

ನಾವು ಹೊರಡುವ ದಿನ ಒಳಗಿನ ಕೋಣೆಯ ಬಾಗಿಲನ್ನು ಮೊಮ್ಮಗಳು ಮೆಲ್ಲಗೆ ತಳ್ಳಿದಳು. ಚೌಕಟ್ಟನ್ನು ನೆಟ್ಟಗೆ ಮಾಡಿದ್ದರಿಂದ ಅದು ಸಪ್ಪಳವಿಲ್ಲದೆ ಹೋಗಿ ಕೂಡಿಕೊಂಡಿತು. ಅವಳು ತೆರೆದು ಮುಚ್ಚಿ, ತೆರೆದು ಮುಚ್ಚಿ ಆಡಿದಳು.

ಜೂನಿನಲ್ಲಿ ಒಂದು ರಾತ್ರಿ ಫೋನು ಬಂತು. "ಮಳಿ ಬಂತ ನೋಡ್ರಿ!" ಅತ್ತೆಯ ಧ್ವನಿಯಲ್ಲಿ ಹಿಗ್ಗು. ಸೋರಿತೆ ಎಂದು ಅಂಜುತ್ತಲೇ ಕೇಳಿದೆವು. "ದೋಣಿ ಬಾಜೂಕ ನಾಕ ಹನಿ. ಅಷ್ಟ. ನಾಳಿಗಿ ಮೆತ್ತತಾರು." ಸೆಕೆ ಹೇಗಿತ್ತೆಂದರೆ, "ಮದಲಿಗಿಂತ ಒಂದೀಟು ಜಾಸ್ತಿ ಆಗೇತಿ. ಆಗಲಿ ಬಿಡ್ರಿ. ನಿದ್ದಿ ಚೊಲೋ ಬರತೈತಿ" ಎಂದರು.

ಓದುಗ ಬಂಧುಗಳೇ, ಹಿಮದ ನಾಡಿನಲ್ಲಿ ಮಕ್ಕಳಿರುವ ಕುಟುಂಬಗಳು ಇಂದು ನಮ್ಮಲ್ಲಿ ಬಹಳ. ಹಿಮ ಬಿದ್ದ ಸುದ್ದಿ ಬಂದಾಗ "ಮಾಡು ನೋಡಿಕೊಂಡೆಯಾ?" ಎಂದು ಅವರನ್ನು ಕೇಳಿರಿ, ಮೇಲೆ ಏರದೆ ನೆಲದಿಂದಲೇ ತೆಗೆಯಲು ಹೇಳಿರಿ. ಹಾಗೆಯೇ ಊರಿನ ಹಳೆಯ ಮನೆಯಲ್ಲಿ ತಾಯಿಯೋ ಅತ್ತೆಯೋ ಒಬ್ಬರೇ ಮಲಗುತ್ತಿದ್ದರೆ ಈ ಬೇಸಿಗೆಯಲ್ಲಿ ಒಮ್ಮೆ ಹೋಗಿ ಬನ್ನಿರಿ. ಬೆಳಕಿಂಡಿಗೆ ಕೈಯಿಟ್ಟು ಮಣ್ಣು ಅಳೆಯಿರಿ. ಒಳಗಿನ ಬಾಗಿಲು ಮುಚ್ಚುತ್ತದೆಯೇ ನೋಡಿರಿ. ಕೂಡಿಡುವುದನ್ನು ನಮ್ಮ ಹಿರಿಯರು ಕಲಿಸದೆಯೇ ಕಲಿತೆವು. ವೇಳೆ ಇರುವಾಗ ಇಳಿಸುವುದನ್ನು ನಮ್ಮ ಧರ್ಮ ಹೇಳಿದರೂ ಕಲಿಯಲು ತಡಮಾಡುತ್ತೇವೆ. ಸೋನ್ಯಾಳದ ಆ ಹುಣಸೆಬೀಜಗಳ ಡಬ್ಬಿಯನ್ನು ಮೊಮ್ಮಗಳು ಇಂದಿಗೂ ಜೋಪಾನವಾಗಿ ಇಟ್ಟಿದ್ದಾಳಂತೆ.